ಗಿರಾಕಿಯನ್ನು ಕರೆತಂದ ಶಬ್ದ ಯಾವುದು?

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದ ಸುತ್ತಣ ತೋಟಗಳಲ್ಲಿ ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆಯು ಹಿಂದೆ ಮುಟ್ಟಾಳೆಯಾಗಿ ಒಕ್ಕಲಿನವರ ತಲೆಯನ್ನೇರುತ್ತಿತ್ತು. ಈಗ ಅದೇ ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಕಾದ ಅಚ್ಚುಗಳ ನಡುವೆ ಒತ್ತಿ ಊಟದ ತಟ್ಟೆಗಳನ್ನು ಮಾಡುತ್ತಾರೆ. ಈ ಕಸಬಿನ ಮಿತ್ರರೊಬ್ಬರು ಒಂದು ಸಂಜೆ ನನ್ನಲ್ಲಿಗೆ ಬಂದರು. “ಸರ್, ನಮ್ಮ ಜಾಲತಾಣಕ್ಕೆ ದಿನವೂ ತುಂಬ ಜನ ಬಂದು ಹೋಗುತ್ತಾರೆ. ಜಾಹೀರಾತಿಗೆ ಹಣ ಹೋಗುತ್ತಲೇ ಉಂಟು. ತಟ್ಟೆ ಮಾತ್ರ ಕೊಟ್ಟಿಗೆಯಲ್ಲೇ ಉಂಟು” ಎಂದರು. ಯಂತ್ರಕ್ಕೆಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

ವಿಷಯವು ವ್ಯಾಪಾರದ್ದೆಂದು ತೋರಿದರೂ ಪ್ರಶ್ನೆಯು ಅಳತೆಯದು; ಅಳತೆಯು ಭೌತಶಾಸ್ತ್ರದವನ ನಿತ್ಯದ ಕೆಲಸ.

ಒಂದು ವಸ್ತುವನ್ನು ಬಯಸಿದವನು ಶೋಧಯಂತ್ರದಲ್ಲಿ ಎರಡು ಮೂರು ಶಬ್ದಗಳನ್ನು ಬರೆಯುತ್ತಾನೆ. ಆ ಶಬ್ದಗಳಿಗೆ ತನ್ನ ಹೆಸರೂ ಕಾಣಿಸಲಿ ಎಂದು ಬಯಸುವ ವ್ಯಾಪಾರಿಯು ಹರಾಜಿನಲ್ಲಿ ಬೆಲೆ ಕೂಗುತ್ತಾನೆ. ಓದುಗನು ಆ ಹೆಸರನ್ನು ಒತ್ತಿ ಒಳಬಂದಾಗ ಮಾತ್ರ ಹಣ ತೆರುತ್ತಾನೆ. ಈ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟು ಎಂಬ ಸಂಸ್ಥೆಯು ರೂಢಿಗೆ ತಂದಿತು. 2000ದಲ್ಲಿ ಗೂಗಲ್ ತನ್ನ ಜಾಹೀರಾತು ಪದ್ಧತಿಯನ್ನು ಆರಂಭಿಸಿತು. ಇಲ್ಲಿ ಹಣ ತೆರುವುದು ಬಂದವನಿಗಾಗಿ, ಕೊಂಡವನಿಗಾಗಿ ಅಲ್ಲ. ನನ್ನ ಮಿತ್ರರ ತೊಡಕು ಈ ಅಂತರದಲ್ಲಿಯೇ ಹುಟ್ಟಿದುದು.

ಬಂದವರೆಲ್ಲರೂ ಒಂದೇ ಉದ್ದೇಶದಿಂದ ಬರುವುದಿಲ್ಲ. ಕರಾವಳಿಯವರಾದ ನಮಗೆ ಹಾಳೆಯೆಂದರೆ ಮೊದಲು ಅಡಿಕೆಯ ಹಾಳೆ. ಘಟ್ಟದ ಮೇಲಿನ ಅನೇಕರಿಗೆ ಅದು ಕಾಗದದ ಹಾಳೆ. “ಹಾಳೆ ತಟ್ಟೆ ಮಾಡುವ ಯಂತ್ರ” ಎಂದು ಹುಡುಕುವವನು ತಟ್ಟೆಯನ್ನು ಕೊಳ್ಳುವುದಿರಲಿ, ನಾಳೆ ತಾನೇ ಮಾಡಿ ಮಾರಹೊರಟವನು! “ಮದುವೆಗೆ ಹಾಳೆ ತಟ್ಟೆ ಸಗಟು ದರ” ಎಂದು ಬರೆದವನ ಮನೆಯಲ್ಲಾದರೋ ಚಪ್ಪರದ ಸಿದ್ಧತೆ ನಡೆದಿದ್ದೀತು. ಪರದೇಶದ ಗ್ರಾಹಕನು ಅಡಿಕೆಯ ಹೆಸರನ್ನೇ ಎತ್ತದೆ “ಪಾಮ್ ಲೀಫ್ ಪ್ಲೇಟ್” ಎಂದು ಹುಡುಕುವುದುಂಟು. ಸುದ್ದಿಯಿಂದಲೂ ಹುಡುಕಾಟ ಏರಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯ ಪಾತ್ರೆಗಳಿಂದ ಹಾನಿಕರ ದ್ರವ್ಯಗಳು ಆಹಾರಕ್ಕೆ ಸೇರಬಹುದೆಂದು ಎಚ್ಚರಿಸಿ ಅವುಗಳ ಮಾರಾಟವನ್ನು ನಿಲ್ಲಿಸಲು ಸೂಚಿಸಿತು. ಅಂತಹ ದಿನಗಳಲ್ಲಿ ಈ ಶಬ್ದವನ್ನು ಹುಡುಕುವವನು ಕೊಳ್ಳಲಿಕ್ಕೆಂದೇ ಬಂದವನೆಂದು ಹೇಳುವಂತಿಲ್ಲ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. “ಹಾಳೆ ತಟ್ಟೆ” ಎಂಬ ಶಬ್ದದಿಂದ, ತಲಾ 4 ರೂಪಾಯಿಯ ಖರ್ಚಿನಲ್ಲಿ, 900 ಜನ ಬಂದರು. 3 ಜನ ಕೊಂಡರು. “ಸಗಟು ದರ” ಸೇರಿದ ಶಬ್ದದಿಂದ, ತಲಾ 10 ರೂಪಾಯಿಯಂತೆ, 60 ಜನ ಬಂದರು. 6 ಜನ ಕೊಂಡರು. ಮೊದಲನೆಯದು ಅಗ್ಗವೆಂದು ಯಾರಾದರೂ ಹೇಳಿಯಾರು. ಆದರೆ ಅಲ್ಲಿ 3,600 ರೂಪಾಯಿ ತೆತ್ತು ಮೂವರು ಗಿರಾಕಿಗಳು, ಎಂದರೆ ಒಬ್ಬನಿಗೆ 1,200 ರೂಪಾಯಿ. ಎರಡನೆಯದರಲ್ಲಿ ಒಬ್ಬನಿಗೆ 100 ರೂಪಾಯಿ ಮಾತ್ರ. ಒಂದು ಮಾರಾಟದ ಲಾಭ 400 ರೂಪಾಯಿಯಾದರೆ ಅಗ್ಗದ ಶಬ್ದವು ಪ್ರತಿ ಮಾರಾಟಕ್ಕೂ 800 ರೂಪಾಯಿಯ ನಷ್ಟವನ್ನು ತರುತ್ತದೆ.

ಎಲ್ಲ ಸಂದರ್ಭಗಳಲ್ಲಿಯೂ ನಿರ್ಣಯವು ಇಷ್ಟು ಸುಲಭವಲ್ಲ. ಎರಡು ಶಬ್ದಗಳಿಂದ ತಲಾ 200 ಜನ ಬಂದು, ಒಂದರಲ್ಲಿ 4, ಇನ್ನೊಂದರಲ್ಲಿ 7 ಮಾರಾಟಗಳಾದುವೆನ್ನೋಣ. ಎರಡನೆಯದೇ ಮೇಲೆಂದು ಹೇಳಲು ನಾಲಗೆ ತುರಿಸುತ್ತದೆ. ಪ್ರಯೋಗಶಾಲೆಯಲ್ಲಿ ಗೈಗರ್ ಗಣಕದ ಮುಂದೆ ಕುಳಿತ ವಿದ್ಯಾರ್ಥಿಯು ಈ ಆತುರವನ್ನು ಬೇಗನೆ ಬಿಡುತ್ತಾನೆ. ವಿಕಿರಣದ ಆಕರ ಅದೇ, ದೂರ ಅದೇ; ಆದರೂ ಒಂದು ನಿಮಿಷದಲ್ಲಿ 100 ಎಣಿಕೆ ಬಂದರೆ ಮರುನಿಮಿಷದಲ್ಲಿ 92 ಬರಬಹುದು, ಆಮೇಲೆ 109. ಹೀಗೆ ಬಿಡಿಬಿಡಿಯಾಗಿ, ಒಂದರ ಹಂಗಿಲ್ಲದೆ ಇನ್ನೊಂದು ನಡೆಯುವ ಘಟನೆಗಳ ಎಣಿಕೆಯು ಸುಮಾರಾಗಿ ತನ್ನ ವರ್ಗಮೂಲದಷ್ಟು ಅತ್ತಿತ್ತ ತೂಗುತ್ತದೆ. ಗಿರಾಕಿಗಳ ಎಣಿಕೆಗೂ ಇದು ಹೊಂದುತ್ತದೆ. 4 ಮತ್ತು 7ರ ವ್ಯತ್ಯಾಸ 3. ಆ ವ್ಯತ್ಯಾಸದ ತೂಗಾಟ 11ರ ವರ್ಗಮೂಲ, ಎಂದರೆ ಸುಮಾರು 3.3. ತೂಗಾಟವೇ ವ್ಯತ್ಯಾಸಕ್ಕಿಂತ ದೊಡ್ಡದಾದುದರಿಂದ ಈ ಅಂಕಿಗಳು ಏನನ್ನೂ ಹೇಳುವುದಿಲ್ಲ. ತಲಾ 2,000 ಜನ ಬಂದು 40 ಮತ್ತು 70 ಮಾರಾಟಗಳಾಗಿದ್ದರೆ ವ್ಯತ್ಯಾಸ 30, ತೂಗಾಟ ಸುಮಾರು 10.5, ಆಗ ಧೈರ್ಯವಾಗಿ ಮಾತಾಡಬಹುದು. ಒಂದು ವಾರದ ಅಂಕಿಗಳನ್ನು ನೋಡಿ ಶಬ್ದಗಳನ್ನು ಬದಲಾಯಿಸುತ್ತ ಹೋಗುವ ವ್ಯಾಪಾರಿಯು ತೂಗಾಟದ ಬೆನ್ನು ಹತ್ತಿದವನು.

ಇನ್ನು ಎಣಿಸುವ ಉಪಕರಣ. ಜಾಹೀರಾತನ್ನು ಒತ್ತಿದವನ ಜೊತೆಗೆ ಒಂದು ಗುರುತು ಅಂಟಿಕೊಂಡು ಬರುತ್ತದೆ. ಆತನು ಹಣ ಕೊಟ್ಟಾಗ ಆ ಗುರುತು ಶಬ್ದದ ಲೆಕ್ಕಕ್ಕೆ ಸೇರುತ್ತದೆ. ಹಿಂದೆ ವಿ.ಪಿ. ಅಂಚೆಯ ವ್ಯಾಪಾರಿಗಳು ಒಂದೊಂದು ಪತ್ರಿಕೆಯ ಜಾಹೀರಾತಿನಲ್ಲಿ ಒಂದೊಂದು ಗುರುತುಸಂಖ್ಯೆಯನ್ನು ಅಚ್ಚು ಹಾಕಿಸುತ್ತಿದ್ದುದು ಇದೇ ಉಪಾಯದಿಂದ. ಜಾಹೀರಾತಿಲ್ಲದೆ, ತಾನಾಗಿ ಬಂದವನ ಕಥೆಯು ಬೇರೆ. ಆತನು ಯಾವ ಶಬ್ದವನ್ನು ಬರೆದನೆಂಬುದು ಮೊದಲು ಜಾಲತಾಣದವರಿಗೆ ತಿಳಿಯುತ್ತಿತ್ತು. 2011ರ ಅಕ್ಟೋಬರಿನಿಂದ ಗೂಗಲ್ ಅದನ್ನು ಗೌಪ್ಯತೆಯ ಕಾರಣದಿಂದ ಮುಚ್ಚತೊಡಗಿತು. ಯಾವ ಶಬ್ದಕ್ಕೆ ಎಷ್ಟು ಜನ ಬಂದರೆಂಬ ಒಟ್ಟು ಲೆಕ್ಕವನ್ನು ಈಗಲೂ ಕೊಡುತ್ತಾರೆ. ಅವರಲ್ಲಿ ಕೊಂಡವರು ಯಾರೆಂಬ ಕೊಂಡಿಯು ಮಾತ್ರ ತಪ್ಪಿದೆ.

ಗುರುತು ಸರಿಯಾಗಿದ್ದರೂ ಒಂದು ಶಂಕೆ ಉಳಿಯುತ್ತದೆ. ಆಕರವನ್ನು ತೆಗೆದಿಟ್ಟರೂ ಗೈಗರ್ ಗಣಕವು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ನೆಲದಿಂದಲೂ ಆಕಾಶದಿಂದಲೂ ಬರುವ ಹಿನ್ನೆಲೆಯ ಎಣಿಕೆ ಅದು. ಹೇಗೂ ಬರಲಿದ್ದ ಗಿರಾಕಿಯು ಜಾಹೀರಾತನ್ನು ಒತ್ತಿ ಬಂದರೆ ಅವನೂ ಹಿನ್ನೆಲೆಗೇ ಸೇರಿದವನು. 2012ರಲ್ಲಿ ಈಬೇ ಸಂಸ್ಥೆಯು ತನ್ನ ಹೆಸರೇ ಇರುವ ಶಬ್ದಗಳಿಗೆ ಕೆಲವು ಶೋಧಯಂತ್ರಗಳಲ್ಲಿ ಜಾಹೀರಾತನ್ನು ನಿಲ್ಲಿಸಿ ನೋಡಿತು. ಬ್ಲೇಕ್, ನೋಸ್ಕೊ, ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಾಹೀರಾತಿನಿಂದ ಬರುತ್ತಿದ್ದವರಲ್ಲಿ ಶೇಕಡಾ 99.5ರಷ್ಟು ಜನ ಪುಕ್ಕಟೆಯ ಕೊಂಡಿಯನ್ನು ಹಿಡಿದು ಬಂದೇ ಬಂದರು! ಅಮೆರಿಕದ ಕೆಲವು ಪ್ರದೇಶಗಳಲ್ಲಿ ಉಳಿದ ಶಬ್ದಗಳ ಜಾಹೀರಾತನ್ನೂ ನಿಲ್ಲಿಸಿ ನೋಡಿದಾಗ, ಪದೇ ಪದೇ ಕೊಳ್ಳುವವರ ಮೇಲೆ ಅದರಿಂದ ಪರಿಣಾಮ ಕಾಣಲಿಲ್ಲ. ಹೊಸಬರ ಮೇಲೆ ಮಾತ್ರ ಕಂಡಿತು.

ನಮ್ಮ ಊರಿನಲ್ಲಿ ಮತ್ತೊಂದು ವಿಶೇಷವುಂಟು. ಗಿರಾಕಿಯು ಜಾಲತಾಣವನ್ನು ನೋಡುತ್ತಾನೆ. ವ್ಯಾಪಾರವನ್ನು ಮಾತ್ರ ದೂರವಾಣಿಯಲ್ಲಿ, ಚೌಕಾಸಿಯೊಡನೆ, ಕುದುರಿಸುತ್ತಾನೆ. ಯಂತ್ರದ ಲೆಕ್ಕದಲ್ಲಿ ಅವನು ಬರಿಗೈಯಲ್ಲಿ ಮರಳಿದವನೇ. ಆದುದರಿಂದ ಜಾಹೀರಾತಿನಿಂದ ಬಂದವರಿಗೆ ಬೇರೊಂದು ದೂರವಾಣಿ ಸಂಖ್ಯೆಯನ್ನು ತೋರಿಸಿ, ಕರೆದವರನ್ನೆಲ್ಲ “ಏನೆಂದು ಹುಡುಕಿದಿರಿ?” ಎಂದು ಕೇಳಿ ಬರೆದಿಡಬೇಕೆಂದು ಮಿತ್ರರಿಗೆ ಹೇಳಿದೆನು. “ಯಂತ್ರ” ಎಂಬ ಶಬ್ದವಿರುವ ಹುಡುಕಾಟಗಳಿಗೆ ಜಾಹೀರಾತು ಕಾಣಿಸದಂತೆ ಆ ಸಂಜೆಯೇ ತಡೆದೆವು. ತಮ್ಮ ಅಂಗಡಿಯ ಹೆಸರಿಗೆ ತೆರುತ್ತಿದ್ದ ಹಣವನ್ನು ಒಂದು ವಾರ ಬಿಟ್ಟು ಒಂದು ವಾರ ನಿಲ್ಲಿಸುತ್ತ, ಎರಡು ಬಗೆಯ ವಾರಗಳ ಮಾರಾಟವನ್ನೂ ಬೇರೆ ಬೇರೆ ಕಂಬಗಳಲ್ಲಿ ಬರೆಯಲು ಒಪ್ಪಿದರು. ಮದುವೆಯ ಕಾಲ ಮುಗಿದು ಆಟಿ ಬಂದಾಗ ಮಾರಾಟವು ತಾನಾಗಿ ಇಳಿಯುವುದರಿಂದ ಇಂತಹ ವಾರಗಳನ್ನು ಅಕ್ಕಪಕ್ಕದಲ್ಲಿಯೇ ಇಟ್ಟು ಹೋಲಿಸಬೇಕಾಗುತ್ತದೆ. ಅದಕ್ಕೆಂದು ಅವರು ಮರುದಿನ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಕೊಂಡು ತಂದರು.