ಬೆವರು, ಕಾಲುಚೀಲ ಮತ್ತು ಹತ್ತು ನಿಮಿಷ



ಕೃತಕ ಕಾಲು ಹಾಕಿಕೊಂಡು ನಡೆಯುವವರನ್ನು ನೀವು ನೋಡಿದ್ದೀರಿ. ಕೆಲವರಿಗೆ ಅಪಘಾತದಲ್ಲಿ ಕಾಲು ಹೋಗಿರುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿ ಕಾಲು ತೆಗೆದಿರುತ್ತಾರೆ. ಅವರು ನಿಮ್ಮ ಮನೆಯವರೇ ಇರಬಹುದು. ನೀವೇ ಇರಬಹುದು. ಈ ಪಾಠ ಆ ಕಾಲಿನ ಬೆವರಿನ ಬಗ್ಗೆ.

ಬೆವರಿಗೂ ಒಂದು ಪಾಠವೇ ಎಂದು ನಗಬೇಡಿ. ಬೆವರು ಒಳಗೇ ನಿಂತರೆ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಉಜ್ಜಿ ಗಾಯವಾಗುತ್ತದೆ. ಗಾಯವಾದರೆ ಕೃತಕ ಕಾಲು ಹಾಕುವ ಹಾಗಿಲ್ಲ. ಕಾಲಿಲ್ಲದೆ ಕೆಲಸಕ್ಕೆ ಹೋಗುವ ಹಾಗಿಲ್ಲ. ವಾರದ ಕೂಲಿ ಹೋಯಿತು.

ಒಳಗೆ ಗಾಳಿ ಯಾಕೆ ಆಡೋದಿಲ್ಲ?

ನಮ್ಮ ಕಡೆ ಹೆಚ್ಚು ಜನ ಹಾಕಿಕೊಳ್ಳುವುದು ಜೈಪುರ ಕಾಲು. ಇದು ರಾಜಸ್ಥಾನದ ಜೈಪುರದಲ್ಲಿ ಹುಟ್ಟಿತು. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಪ್ರಮೋದ್ ಕರಣ್ ಸೇಠಿ ಎಂಬ ಡಾಕ್ಟರೂ ಸೇರಿ 1968ರಲ್ಲಿ ಇದನ್ನು ರೂಪಿಸಿದರು. ಅದಕ್ಕೆ ಮುಂಚಿನ ಕಾಲುಗಳಿಗೆ ಬೂಟು ಬೇಕಿತ್ತು. ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಜೈಪುರ ಕಾಲಿನ ಪಾದ ರಬ್ಬರಿನದು. ಬರಿಗಾಲಲ್ಲಿ ನಡೆಯಬಹುದು, ಕೆಸರಿನಲ್ಲೂ ಇಳಿಯಬಹುದು. ಸುಧಾ ಚಂದ್ರನ್ ಎಂಬ ನರ್ತಕಿಯ ಹೆಸರು ಕೇಳಿದ್ದೀರಾ? 1981ರ ಬಸ್ಸಿನ ಅಪಘಾತದಿಂದ ಅವರ ಬಲಗಾಲು ಹೋಯಿತು. ಜೈಪುರ ಕಾಲು ಹಾಕಿಕೊಂಡು 1984ರಲ್ಲಿ ಅವರು ಮತ್ತೆ ವೇದಿಕೆಯ ಮೇಲೆ ಕುಣಿದರು.

ಪಾದದ ಮೇಲಿನ ಭಾಗ ಪ್ಲಾಸ್ಟಿಕ್ಕಿನದು. ನೀರಿನ ಪೈಪಿನಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಕಾಯಿಸಿ, ನಮ್ಮ ಕಾಲಿನ ಅಚ್ಚಿನ ಮೇಲೆ ಎಳೆದು ಮಾಡುತ್ತಾರೆ. ಕತ್ತರಿಸಿ ಉಳಿದ ಕಾಲು ಇದರೊಳಗೆ ಕೂರುತ್ತದೆ. ಈ ಬಟ್ಟಲಿಗೆ ಸಾಕೆಟ್ ಎಂದು ಹೆಸರು. ಸಾಕೆಟ್ ಬಿಗಿಯಾಗಿರಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಬಿಗಿಯಾಗಿದ್ದರೆ ಗಾಳಿ ಹೋಗುವುದಿಲ್ಲ. ಪ್ಲಾಸ್ಟಿಕ್ ಬೆವರು ಹೀರುವುದೂ ಇಲ್ಲ.

ಇನ್ನೊಂದು ಮಾತು. ಕೃತಕ ಕಾಲಿನಲ್ಲಿ ನಡೆಯಲು ಮೈಗೆ ಹೆಚ್ಚು ಶ್ರಮ. ಅದಕ್ಕೇ ಬೆವರೂ ಹೆಚ್ಚು. ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಸಾಕೆಟ್ಟಿನ ಒಳಗೆ ಏನಾಗುತ್ತದೆ ಎಂದು ನೀವೇ ಊಹಿಸಿ. ಬಹಳ ಹೊತ್ತು ಬಟ್ಟೆ ಒಗೆದ ಮೇಲೆ ನಿಮ್ಮ ಬೆರಳು ನೋಡಿಕೊಂಡಿದ್ದೀರಿ ಅಲ್ಲವೇ? ಬೆಳ್ಳಗೆ, ಸುಕ್ಕುಸುಕ್ಕಾಗಿ ಇರುತ್ತವೆ. ಅದೇ ಚರ್ಮದ ಮೇಲೆ ಮೈಭಾರ ಹಾಕಿ ನಡೆದರೆ ಹೇಗೆ? ಹಾಗೆ.

ರಾತ್ರಿ ತೊಳೆಯಿರಿ

ಉಳಿದ ಕಾಲನ್ನು ದಿನಾ ತೊಳೆಯಬೇಕು. ತೊಳೆಯೋದು ರಾತ್ರಿ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಚರ್ಮದ ಮೇಲೇ ಕಾಲು ಹಾಕಿಕೊಂಡರೆ ಅದು ಒಳಗೆ ಅಂಟಿ ಉಜ್ಜುತ್ತದೆ. ಮೈ ಸೋಪು ಸಾಕು, ಬಟ್ಟೆ ಸೋಪು ಬೇಡ. ಸೋಪಿನ ಜಿಡ್ಡು ಉಳಿಯದಂತೆ ನೀರು ಹಾಕಿ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ತಿಕ್ಕಬೇಡಿ. ಚರ್ಮದ ಮಡಿಕೆಗಳಲ್ಲಿ ನೀರು ನಿಲ್ಲದಂತೆ ನೋಡಿ.

ಸಾಕೆಟ್ಟಿಗೂ ಅಷ್ಟೇ. ರಾತ್ರಿ ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಚ್ಚಿ ಒಳಗೆ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ. ಬೆಳಗಾಗುವುದರೊಳಗೆ ಒಣಗಿರುತ್ತದೆ. ಒಳಗೆ ಮೆತ್ತನೆಯ ಪದರ, ಅಂದರೆ ಲೈನರ್ ಇದ್ದರೆ ಅದನ್ನೂ ದಿನಾ ಸ್ವಚ್ಛ ಮಾಡಬೇಕು.

ಕಾಲುಚೀಲ

ಸಾಕೆಟ್ಟಿಗೂ ಚರ್ಮಕ್ಕೂ ನಡುವೆ ಇರುವುದು ಕಾಲುಚೀಲ. ಬೆವರು ಹೀರುವುದು ಇದೇ. ಕೃತಕ ಕಾಲಿಗೆ ಬೇರೆಯೇ ಕಾಲುಚೀಲ ಇರುತ್ತದೆ. ಶಾಲೆ ಮಕ್ಕಳ ಕಾಲುಚೀಲ ಹಾಕಬಾರದು. ಅದರ ಹಿಮ್ಮಡಿಯ ಮಡಿಕೆ ಒಂದೇ ಕಡೆ ಒತ್ತುತ್ತದೆ.

ನಾಲ್ಕಾದರೂ ಇಟ್ಟುಕೊಳ್ಳಿ. (ಜೊತೆ ಲೆಕ್ಕವಲ್ಲ, ಬಿಡಿ ಲೆಕ್ಕ!) ಒಂದು ಕಾಲಿನ ಮೇಲೆ, ಒಂದು ಚೀಲದಲ್ಲಿ, ಎರಡು ಹಗ್ಗದ ಮೇಲೆ. ಒಗೆದ ಮೇಲೆ ಸೋಪು ಪೂರಾ ಹೋಗುವ ತನಕ ಜಾಲಿಸಿ. ಉಳಿದ ಸೋಪು ಬೆವರಿನ ಜೊತೆ ಸೇರಿದರೆ ತುರಿಕೆ. ಹಾಕಿಕೊಳ್ಳುವಾಗ ಒಂದು ಸುಕ್ಕೂ ಇರಬಾರದು.

ತೂತಾದ ಕಾಲುಚೀಲಕ್ಕೆ ತೇಪೆ ಹಾಕಬೇಡಿ. ಹರಿದದ್ದನ್ನು ಹೊಲಿದು ಬಳಸುವುದು ನಮ್ಮ ಹೆಣ್ಣುಮಕ್ಕಳ ಕೈಗುಣ, ಅದು ನಮಗೂ ಗೊತ್ತು. ಆದರೆ ಇಲ್ಲಿ ಹೊಲಿಗೆಯ ಗಂಟು ಕಲ್ಲಿನ ಹರಳಿನ ಹಾಗೆ ಚುಚ್ಚುತ್ತದೆ.

ನಡುಹಗಲಿನ ಹತ್ತು ನಿಮಿಷ

ಇಲ್ಲಿಯ ತನಕ ಹೇಳಿದ್ದು ಮನೆಯೊಳಗಿನ ಕೆಲಸ. ಅದನ್ನು ಎಲ್ಲರೂ ಮಾಡುತ್ತಾರೆ. ಕಷ್ಟ ಇರುವುದು ಹಗಲಿನಲ್ಲಿ.

ಬೆವರು ಬಂದಾಗ ಮಾಡಬೇಕಾದ್ದು ಸುಲಭ. ನೆರಳಲ್ಲಿ ಕೂರಬೇಕು. ಕಾಲು ಬಿಚ್ಚಬೇಕು. ಚರ್ಮ ಒರೆಸಿ, ಸಾಕೆಟ್ ಒರೆಸಿ, ಗಾಳಿಗೆ ಬಿಡಬೇಕು. ಒಣ ಕಾಲುಚೀಲ ಹಾಕಿ ಕಾಲು ಕಟ್ಟಬೇಕು. ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಎರಡು ಮೂರು ಸಲ ಬೇಕಾಗಬಹುದು. ಬಹಳ ಹೊತ್ತು ಬಿಚ್ಚಿಟ್ಟರೆ ಕೆಲವರಿಗೆ ಕಾಲು ಬಾತು, ಆಮೇಲೆ ಒಳಗೆ ಕೂರುವುದಿಲ್ಲ.

ಇಷ್ಟು ಸುಲಭದ ಕೆಲಸ ಯಾಕೆ ಆಗುವುದಿಲ್ಲ? ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕನನ್ನು ಕೇಳಿದೆವು. ಆಕೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾಳೆ.

"ಮುಂಜಾನಿಂದ ಸಂಜೀತನ ಬಿಚ್ಚೋದ ಇಲ್ರಿ ಅಕ್ಕಾವ್ರೆ," ಅಂದಳು.

"ಯಾಕವ್ವಾ?"

"ಹೊಲದಾಗ ಗಂಡಸ್ರು ಇರ್ತಾರ. ಎಲ್ಲಾರ ಮುಂದ ಸೀರಿ ಮ್ಯಾಲ ಮಾಡಿ ಹೆಂಗ ಬಿಚ್ಚಲಿ? ಮತ್ತ ನಾ ಕುಂತ್ರ ಮುಕಡಪ್ಪ ಏನಂತಾನ? ಕಾಲಿಲ್ದಾಕಿ ಕೆಲ್ಸಾನೂ ಮಾಡಾಂಗಿಲ್ಲ ಅಂತಾನ."

"ನೀರಾದರೂ ಕುಡೀತೀಯಾ?"

"ನೀರ ಕುಡದ್ರ ಹೊರಗ ಹೋಗಬೇಕಲ್ರಿ. ಎಲ್ಲಿ ಹೋಗಲಿ, ಹೆಂಗ ಕೂಡಲಿ?"

ಇದಕ್ಕೆ ನಾವು ಏನು ಹೇಳೋಣ? "ನಾಚಿಕೆ ಬಿಡು" ಎಂದು ಹೇಳುವುದು ಸುಲಭ. ಹಾಗೆ ಹೇಳುವುದು ಸರಿಯಲ್ಲ ಎಂದು ನಮಗೆ ಅನಿಸುತ್ತದೆ. ನಾಚಿಕೆ ಆಕೆಯದು ಮಾತ್ರವಲ್ಲ, ನೋಡುವವರದೂ ಇದೆ. ಜೊತೆಯ ಹೆಂಗಸರು ಒಂದು ಹಳೇ ಸೀರೆ ತಂದು ಗಿಡಕ್ಕೆ ಕಟ್ಟಿದರೆ ಮರೆಯಾಯಿತು. ಎಲ್ಲರೂ ಒಟ್ಟಿಗೆ ಹತ್ತು ನಿಮಿಷ ಕೂತರೆ ಆಕೆಯೊಬ್ಬಳೇ ಕೂತ ಹಾಗೆ ಕಾಣುವುದಿಲ್ಲ. ಊಟದ ಹೊತ್ತೇ ಆಗಬಹುದು. ಕೂಲಿ ಮಾತಾಡುವಾಗಲೇ ಮುಕಡಪ್ಪನಿಗೆ ಹೇಳಿಬಿಡಿ. ಗಾಯವಾಗಿ ಎಂಟು ದಿನ ಬಾರದಿದ್ದರೆ ಅವನಿಗೂ ಒಬ್ಬಾಳು ಕಡಿಮೆ.

ನೀರು ಬಿಟ್ಟರೆ ಬೆವರು ನಿಲ್ಲುವುದಿಲ್ಲ. ತಲೆ ಸುತ್ತುತ್ತದೆ, ಉರಿಮೂತ್ರ ಬರುತ್ತದೆ. ಕೃತಕ ಕಾಲಿನವರು ತಲೆ ಸುತ್ತಿ ಬಿದ್ದರೆ ಪೆಟ್ಟು ದೊಡ್ಡದು.

ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಾಲು ಒರೆಸಬೇಡಿ ಎಂದೂ ಹೇಳಿದೆವು. ಆ ಅಕ್ಕ ನಕ್ಕಳು. "ಅದನ್ನ ಒಮ್ಮೆ ಕಲ್ತೀನ್ರಿ, ಮರಿಯಾಂಗಿಲ್ಲ" ಅಂದಳು.

ಹಚ್ಚಬಹುದೇ, ಹಚ್ಚಬಾರದೇ?

ಪೌಡರ್ ಸುರಿಯಬೇಡಿ. ಬೆವರಿನಲ್ಲಿ ಕಲಸಿ ಉಂಡೆಯಾಗಿ ಒತ್ತುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಕಾಲು ಹಾಕಬೇಡಿ. ಚರ್ಮ ಮೆತ್ತಗಾಗುತ್ತದೆ, ಕಾಲು ಜಾರುತ್ತದೆ. ಚರ್ಮ ಒಣಗಿ ಒಡೆಯುತ್ತಿದ್ದರೆ ರಾತ್ರಿ, ಗಾಯವಿಲ್ಲದ ಕಡೆ ಹಚ್ಚಿ. ಅಲ್ಲಿನ ಕೂದಲು ಬೋಳಿಸಬೇಡಿ. ಬೋಳಿಸಿದ ಕಡೆ ಸಣ್ಣ ಸಣ್ಣ ಕುರು ಏಳುತ್ತವೆ. ಗಾಯಕ್ಕೆ ಸುಣ್ಣ, ಬೂದಿ, ತಂಬಾಕು ಇವು ಯಾವುವೂ ಬೇಡ.

ಬೆವರು ಬಹಳವೇ ಇದ್ದರೆ ಅದನ್ನು ಕಡಿಮೆ ಮಾಡುವ ಔಷಧ ಉಂಟು. ಅದರಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ಲವಣ ಇರುತ್ತದೆ. ರಾತ್ರಿ, ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯುವುದು. ಗಾಯ, ಕುರು ಇದ್ದರೆ ಹಚ್ಚಬಾರದು. ಡಾಕ್ಟರನ್ನು ಕೇಳಿಯೇ ತನ್ನಿ.

ಕನ್ನಡಿ ಹಿಡಿದು ನೋಡಿ

ದಿನಾ ರಾತ್ರಿ ಉಳಿದ ಕಾಲನ್ನು ಸುತ್ತ ನೋಡಿಕೊಳ್ಳಿ. ಹಿಂಬದಿ ಕಾಣಲು ಚಿಕ್ಕ ಕನ್ನಡಿ ಹಿಡಿಯಿರಿ. ಕಾಲು ಬಿಚ್ಚಿದಾಗ ಅಲ್ಲಲ್ಲಿ ಕೆಂಪಗಿರಬಹುದು. ಕಾಲು ಗಂಟೆಯೊಳಗೆ ಆ ಕೆಂಪು ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಸಾಕೆಟ್ ಅಲ್ಲಿ ಒತ್ತುತ್ತಿದೆ. ಕಪ್ಪು ಮೈಯವರಿಗೆ ಕೆಂಪು ಬೇಗ ಕಾಣುವುದಿಲ್ಲ. ಅವರು ಮುಟ್ಟಿ ನೋಡಬೇಕು. ಬಿಸಿ ಇದೆಯೇ, ಗಟ್ಟಿ ಇದೆಯೇ, ನೋವಿದೆಯೇ?

ಸಕ್ಕರೆ ಕಾಯಿಲೆಯವರು ನೋವನ್ನು ನಂಬಿ ಕೂರಬಾರದು. ಅವರಿಗೆ ಸ್ಪರ್ಶ ಕಡಿಮೆಯಾಗಿರಬಹುದು. ಗಾಯವಾದರೂ ಗೊತ್ತಾಗುವುದಿಲ್ಲ. ಅವರ ಕಾಲನ್ನು ಮನೆಯವರು ನೋಡಬೇಕು. ಇನ್ನೊಂದು ಕಾಲನ್ನೂ ನೋಡಬೇಕು.

ಗುಳ್ಳೆ ಎದ್ದರೆ ಒಡೆಯಬೇಡಿ. ಗುಳ್ಳೆ, ಗಾಯ, ಕೀವು, ಕೆಟ್ಟ ವಾಸನೆ ಇದ್ದರೆ ಕೃತಕ ಕಾಲು ಹಾಕಬೇಡಿ. ಊರುಗೋಲು ಹಿಡಿಯಿರಿ, ಆಸ್ಪತ್ರೆಗೆ ಹೋಗಿ. ತಡ ಮಾಡಿದರೆ ಇನ್ನೂ ಮೇಲೆ ಕತ್ತರಿಸಬೇಕಾಗಬಹುದು.

ಗಾಯ ಮತ್ತೆ ಮತ್ತೆ ಅದೇ ಜಾಗದಲ್ಲಿ ಆದರೆ ಬೆವರನ್ನು ದೂರಬೇಡಿ. ಸಾಕೆಟ್ ಸರಿಯಿಲ್ಲ. ಮೈ ಇಳಿದರೆ ಸಾಕೆಟ್ ಸಡಿಲ, ಮೈ ಬಂದರೆ ಬಿಗಿ. ಕಾಲು ಮಾಡಿಕೊಟ್ಟ ಕೇಂದ್ರಕ್ಕೆ ಹೋಗಿ ತೋರಿಸಿ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿ. ಅಂಗವಿಕಲರಿಗೆ ದಾರಿ ತೋರಿಸುವುದು ಅವರ ಕೆಲಸ.

ಓದಿ, ಬರೆಯಿರಿ

1. ಉಳಿದ ಕಾಲನ್ನು ರಾತ್ರಿ ಯಾಕೆ ತೊಳೆಯಬೇಕು?

2. ಸಕ್ಕರೆ ಕಾಯಿಲೆಯವರ ಕಾಲನ್ನು ಮನೆಯವರು ಯಾಕೆ ನೋಡಬೇಕು?

3. ನಿಮ್ಮ ಕೆಲಸದ ಜಾಗದಲ್ಲಿ ಕಾಲು ಬಿಚ್ಚಿ ಕೂರಲು ಮರೆ ಎಲ್ಲಿದೆ? ಇಲ್ಲದಿದ್ದರೆ ಎಲ್ಲಿ ಕಟ್ಟಬಹುದು? ಗುಂಪಿನಲ್ಲಿ ಮಾತಾಡಿ, ಎರಡು ಸಾಲು ಬರೆಯಿರಿ.