ಮೂಗನ್ನಲ್ಲ, ಗಡಿಯಾರವನ್ನು ನಂಬಿ

2025ರ ಮಾರ್ಚ್‌ನಲ್ಲಿ ನಮ್ಮ ಮಂಡ್ಯ ಜಿಲ್ಲೆಯದೇ ಟಿ. ಕಾಗೇಪುರದಲ್ಲಿ ವಸತಿಶಾಲೆಯ ಮಕ್ಕಳು ಹೊರಗಿನಿಂದ ಬಂದ ಊಟ ಉಂಡು ಹಾಸಿಗೆ ಹಿಡಿದರು. ಮೇಘಾಲಯದಿಂದ ಓದಲು ಬಂದಿದ್ದ ಇಬ್ಬರು ಹುಡುಗರು ತೀರಿಕೊಂಡರು. ಅದು ಮಳವಳ್ಳಿ ತಾಲ್ಲೂಕಿನ ಮಾತಾಯಿತು ಎಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹೆತ್ತವರು ಸುಮ್ಮನಿರುವಂತಿಲ್ಲ. ಮನೆಯಲ್ಲಿ ನೆನಪಿಡಬೇಕಾದ ಏಳು ಮಾತು ಇಲ್ಲಿವೆ.

1. ಮೂಸಿ ನೋಡಿ ತೀರ್ಮಾನಿಸಬೇಡಿ. "ಏನೂ ಹಳಸಿಲ್ಲ ಕಣ್ ಮಗ, ಉಣ್ಣು" ಎನ್ನುವಲ್ಲೇ ಎಡವಟ್ಟು ಶುರು. ವಾಸನೆ ಬರಿಸುವ ಸೂಕ್ಷ್ಮಾಣುಗಳೇ ಬೇರೆ, ಕಾಯಿಲೆ ತರುವವು ಬೇರೆ. ಬೆಂದ ಅಡುಗೆ ಹೊರಗಿರಬಹುದಾದದ್ದು ಎರಡು ಗಂಟೆ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ.

2. ರಾತ್ರಿ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವ ಮುಂಚೆ ಯೋಚಿಸಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಮುಚ್ಚಿಟ್ಟ ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ಎಷ್ಟು ಒಗ್ಗರಣೆ ಹಾಕಿದರೂ ಆ ವಿಷ ಹೋಗದು. ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಆರಿದೊಡನೆ ಫ್ರಿಜ್‌ಗಿಡಿ. ಫ್ರಿಜ್ ಇಲ್ಲದಿದ್ದರೆ ಎಸರಿಡುವಾಗಲೇ ಲೆಕ್ಕ ಹಾಕಿ. ತಂಗಳು ಉಂಡೇ ಬೆಳೆದವಳು ನಾನು ಎನ್ನುವ ಅಜ್ಜಿಯೊಡನೆ ವಾದ ಬೇಡ. ಮಗುವಿನ ಸ್ಕೂಲ್ ಡಬ್ಬಿಗೆ ಮಾತ್ರ ಅದು ಬೇಡ.

3. ಬೀಗರೂಟದ ಪಾರ್ಸಲ್! ಬೆಳಿಗ್ಗೆ ಬೆಂದ ಬಾಡು, ಮಧ್ಯಾಹ್ನದ ಬಿಸಿಲು, ಬಸ್ಸಿನ ದಾರಿ, ರಾತ್ರಿಯ ಊಟ. ಕೊಟ್ಟವರು ನೊಂದುಕೊಳ್ಳುತ್ತಾರೆಂದರೆ ಇಸ್ಕೊಳ್ಳಿ, ಮಕ್ಕಳಿಗೆ ಬಡಿಸಬೇಡಿ. ಮೇಲುಕೋಟೆ ವೈರಮುಡಿ ಜಾತ್ರೆಯಲ್ಲಿ ಕೊಯ್ದು ತೆರೆದಿಟ್ಟ ಹಣ್ಣಿಗೂ ಇದೇ ಮಾತು.

4. ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ. ಬೆರಳಲ್ಲಿ ಕೀವಾದ ಗಾಯವಿದ್ದವರು ಅಡುಗೆಗೆ ರಜೆ ಹಾಕಲಿ. ಅಪ್ಪಂದಿರು ಸೌಟು ಹಿಡಿಯಲು ಒಳ್ಳೆಯ ನೆಪ.

5. ಹಸಿ ಕೋಳಿ ಕೊಯ್ದ ಚಾಕುವಿನಲ್ಲಿ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ.

6. ನಾಲೆ ನೀರು ಎಷ್ಟು ತಿಳಿಯಾಗಿದ್ದರೂ ಕುದಿಸಿಯೇ ಕುಡಿಸಿ. ಗದ್ದೆಗೆ ಹೊಡೆಯುವ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ.

7. ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ತಂದು ನುಂಗಿಸಬೇಡಿ. ಮಲದಲ್ಲಿ ರಕ್ತ, ಆರು ಗಂಟೆ ಮೂತ್ರವಿಲ್ಲ, ಕುಡಿದದ್ದೆಲ್ಲ ವಾಂತಿ, ಮಗು ಮಂಕು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಗಾಬರಿಯಲ್ಲಿ ಊಟದ ಡಬ್ಬಿ ತೊಳೆದುಬಿಡಬೇಡಿ, ಮಿಕ್ಕದ್ದು ಪರೀಕ್ಷೆಗೆ ಬೇಕಾದೀತು.