ಹದಿನೆಂಟು ತುಂಬಿದ ಮೇಲೆ: ಅನುಪಾಲನೆ ಮತ್ತು ಕೋವಿಡ್

ಬಾಲನ್ಯಾಯ ಕಾಯ್ದೆ, 2015: ಕಲಂ 44 ಸಾಕು ಕುಟುಂಬದ ಆರೈಕೆಗೆ, ಕಲಂ 46 ಅನುಪಾಲನೆಗೆ (ಆಫ್ಟರ್‌ಕೇರ್). ಪಾಲನಾ ಸಂಸ್ಥೆಯಿಂದ 18 ತುಂಬಿ ಹೊರಬಂದವರಿಗೆ 21ರವರೆಗೆ ನೆರವು. ವಿಶೇಷ ಸಂದರ್ಭದಲ್ಲಿ 23ರವರೆಗೆ. ಕಲಂ 46 ಹಣಕಾಸಿನ ನೆರವನ್ನು 'ನೀಡಬಹುದು' ಎನ್ನುತ್ತದೆ, 'ನೀಡಲೇಬೇಕು' ಎನ್ನುವುದಿಲ್ಲ. ಕಾಯ್ದೆಯ ದೊಡ್ಡ ಕೊರತೆ ಇದೇ.

2020ರ ಮಾರ್ಚ್ 25ರ ಲಾಕ್‌ಡೌನ್ ಈ ಕೊರತೆಯನ್ನು ಬಯಲಿಗೆಳೆಯಿತು. ಆ ವಾರ ಹದಿನೆಂಟು ತುಂಬಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ: ಕೈಯಲ್ಲಿ ಬಟ್ಟೆಯ ಚೀಲ, ಅಂಕಪಟ್ಟಿ, ಬಸ್ಸಿಲ್ಲ, ಬಾಡಿಗೆ ಕೋಣೆಯಿಲ್ಲ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪಾಲನಾ ಸಂಸ್ಥೆ, ಸಾಕು ಕುಟುಂಬಗಳ ಮಕ್ಕಳ ರಕ್ಷಣೆಗೆ ನಿರ್ದೇಶನ ಕೊಟ್ಟಿತು.

2021ರ ಮೇ 29: ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್ ಯೋಜನೆ ಘೋಷಣೆ. 18ರಿಂದ ಮಾಸಿಕ ನೆರವು, 23ಕ್ಕೆ 10 ಲಕ್ಷ ರೂ. ಬೇರೆ ಕಾರಣಕ್ಕೆ ಸಂಸ್ಥೆಯಲ್ಲಿ ಬೆಳೆದವರು ಇದರ ವ್ಯಾಪ್ತಿಗೆ ಬರುವುದಿಲ್ಲ, ಗೊಂದಲ ಬೇಡ.

ತೆಲಂಗಾಣದ ಗಡಿ ಭಾಗದ ಅರ್ಜಿದಾರರಿಗೆ: ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ಅನುಪಾಲನೆಯ ಅರ್ಜಿ ಆಯಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕರ್ನಾಟಕದ ಬೀದರ್, ಕಲಬುರಗಿ ಕಡೆ ದುಡಿಯಲು ಹೋದವರಿಗೆ ರಾಜ್ಯದ ಗಡಿಯೇ ಅಡ್ಡಿಯಾಗಬಾರದು. ಮಕ್ಕಳ ಸಹಾಯವಾಣಿ: 1098.